ನೇಪಾಳದಲ್ಲಿ ನಮ್ಮ 100 ರೂಪಾಯಿಗೆ 160 ರೂಪಾಯಿ: ಹಾಗಾದರೆ ಅಲ್ಲಿ ಎಲ್ಲವೂ ಅಗ್ಗವೇ?

ರಜೆಯ ದಿನಗಳು ಹತ್ತಿರವಾದಂತೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ: "ಈ ದೇಶಗಳಲ್ಲಿ ನಮ್ಮ ರೂಪಾಯಿಯೇ ರಾಜ!" ಪಟ್ಟಿಯಲ್ಲಿ ನೇಪಾಳ, ಇಂಡೋನೇಷ್ಯಾ, ವಿಯೆಟ್ನಾಂ ಇದ್ದೇ ಇರುತ್ತವೆ. ನೇಪಾಳದಲ್ಲಿ ನಮ್ಮ 100 ರೂಪಾಯಿಗೆ 160 ರೂಪಾಯಿ ಸಿಗುತ್ತದೆ, ಆದ್ದರಿಂದ ಅಲ್ಲಿ ನಮ್ಮ ಹಣಕ್ಕೆ ಒಂದೂವರೆ ಪಟ್ಟಿಗೂ ಹೆಚ್ಚು ಬೆಲೆ ಎಂಬುದು ಅದರ ವಾದ. ಇದಕ್ಕೆ ಜೊತೆಯಾಗಿ ಇನ್ನೊಂದು ಸಂದೇಶವೂ ಇದೆ: "ಪಿಪಿಪಿ ಲೆಕ್ಕದಲ್ಲಿ ಡಾಲರಿನ ನಿಜವಾದ ಬೆಲೆ ಬರೀ 20 ರೂಪಾಯಿ. ಉಳಿದದ್ದೆಲ್ಲ ಮೋಸ."

ಎರಡರಲ್ಲೂ ಇರುವ ಅಂಕಿಗಳು ಬಹುಮಟ್ಟಿಗೆ ಸರಿ. ತಪ್ಪಿರುವುದು ಅವುಗಳಿಂದ ತೆಗೆದ ತೀರ್ಮಾನದಲ್ಲಿ. ನೇಪಾಳದ ಉದಾಹರಣೆ ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ. ವಿದೇಶದ ಕೆಲಸ ಒಪ್ಪಿಕೊಳ್ಳುವುದು, ಬಡತನದ ಅಂಕಿಗಳನ್ನು ಓದುವುದು, ಪ್ರವಾಸದ ಬಜೆಟ್ ಹಾಕುವುದು ಎಲ್ಲಕ್ಕೂ ಈ ಲೆಕ್ಕ ಬೇಕಾಗುತ್ತದೆ.

ಚಿಕ್ಕ ಉತ್ತರ

ಒಂದು ರೂಪಾಯಿಗೆ ಬೇರೆ ದೇಶದ ಎಷ್ಟು ನೋಟು ಸಿಗುತ್ತದೆ ಎಂಬುದು ವಿನಿಮಯ ದರ. ಆ ನೋಟಿನಿಂದ ಅಲ್ಲಿ ಎಷ್ಟು ಸಾಮಾನು ಸಿಗುತ್ತದೆ ಎಂಬುದು ಬೆಲೆಮಟ್ಟ. ಇವೆರಡೂ ಬೇರೆ ಬೇರೆ. ಮೊದಲನೆಯದನ್ನು ನೋಡಿ ಎರಡನೆಯದನ್ನು ಹೇಳಲು ಬರುವುದಿಲ್ಲ.

1.60 ಎಲ್ಲಿಂದ ಬಂತು?

ನೇಪಾಳದ ರೂಪಾಯಿಯನ್ನು ಭಾರತದ ರೂಪಾಯಿಗೆ ಕಟ್ಟಿಹಾಕಲಾಗಿದೆ. 1993ರಿಂದ ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ದರ ಬದಲಾಗಿಲ್ಲ. ಅಲ್ಲಿನ ಕೇಂದ್ರ ಬ್ಯಾಂಕ್ ಆದ ನೇಪಾಳ ರಾಷ್ಟ್ರ ಬ್ಯಾಂಕ್ ಇದನ್ನು ಕಾಯ್ದುಕೊಂಡು ಬಂದಿದೆ. ದಿನದಿನದ ಮಾರುಕಟ್ಟೆಯ ಏರಿಳಿತ ಈ ದರವನ್ನು ಅಲುಗಾಡಿಸುವುದಿಲ್ಲ.

ಇದರ ಪರಿಣಾಮ ಕುತೂಹಲದ್ದು. ಡಾಲರ್‌ಗೆ 85 ಭಾರತೀಯ ರೂಪಾಯಿ ಇದ್ದಾಗ ನೇಪಾಳದಲ್ಲಿ ಅದು ತಾನಾಗಿಯೇ 136 ಆಗುತ್ತದೆ. ನಮ್ಮ ರೂಪಾಯಿ ಡಾಲರಿನ ಎದುರು ಕುಸಿದರೆ ಅವರದೂ ಅಷ್ಟೇ ಕುಸಿಯುತ್ತದೆ.

ನೇಪಾಳಕ್ಕೆ ಬರುವ ಸರಕಿನಲ್ಲಿ ಬಹುಪಾಲು ಭಾರತದ್ದೇ. ಗಡಿ ತೆರೆದಿದೆ, ಎರಡೂ ದೇಶದವರು ವೀಸಾ ಇಲ್ಲದೆ ಓಡಾಡುತ್ತಾರೆ. ಹೀಗಿರುವಾಗ ಭಾರತದಲ್ಲಿ 100 ರೂಪಾಯಿಗೆ ಸಿಗುವ ವಸ್ತು ಗಡಿಯ ಆಚೆ 100 ನೇಪಾಳಿ ರೂಪಾಯಿಗೆ ಸಿಗುತ್ತದೆಯೇ? ಸಿಗುವುದಿಲ್ಲ. 160ರ ಆಸುಪಾಸಿನಲ್ಲಿ ಸಿಗುತ್ತದೆ. ಸಾಗಣೆ, ಸುಂಕ, 13 ಶೇಕಡಾ ಮೌಲ್ಯವರ್ಧಿತ ತೆರಿಗೆ ಸೇರಿದರೆ ಇನ್ನೂ ಹೆಚ್ಚು. ಕೈಗೆ 60 ನೋಟು ಹೆಚ್ಚಿಗೆ ಬಂತು, ಬೆಲೆಚೀಟಿಯೂ 60 ಹೆಚ್ಚಾಯಿತು. ಲಾಭ ಸೊನ್ನೆ.

ವಾಸ್ತವದಲ್ಲಿ ಗಡಿಯ ನೇಪಾಳಿ ಊರುಗಳ ಜನ ಸಾಮಾನು ಕೊಳ್ಳಲು ಭಾರತದ ಕಡೆಯ ಪೇಟೆಗಳಿಗೆ ಬರುತ್ತಾರೆ. ಅವರನ್ನು ತಡೆಯಲು ನೇಪಾಳ 100 ನೇಪಾಳಿ ರೂಪಾಯಿಗಿಂತ ಹೆಚ್ಚಿನ ಸರಕಿಗೆ ಗಡಿಯಲ್ಲಿ ಸುಂಕ ಕಟ್ಟಬೇಕೆಂಬ ನಿಯಮವನ್ನೇ ಬಿಗಿಗೊಳಿಸಿತ್ತು. ಅಲ್ಲಿ ಎಲ್ಲವೂ ಅಗ್ಗವಾಗಿದ್ದರೆ ಇಂಥ ನಿಯಮದ ಅಗತ್ಯವೇ ಬರುತ್ತಿರಲಿಲ್ಲ.

ನೋಟಿನ ಸೊನ್ನೆಗೂ ಬಡತನಕ್ಕೂ ಸಂಬಂಧವಿಲ್ಲ

ಇನ್ನೂ ಅನುಮಾನವಿದ್ದರೆ ಜಪಾನನ್ನು ನೋಡಿ. ಒಂದು ಭಾರತೀಯ ರೂಪಾಯಿಗೆ ಒಂದೂವರೆಗಿಂತ ಹೆಚ್ಚು ಯೆನ್ ಸಿಗುತ್ತದೆ. ಅಂದರೆ ಫಾರ್ವರ್ಡ್‌ನ ತರ್ಕದ ಪ್ರಕಾರ ಜಪಾನಿನಲ್ಲೂ "ನಮ್ಮ ರೂಪಾಯಿಯೇ ರಾಜ". ಟೋಕಿಯೋಗೆ ಹೋಗಿ ಬಂದ ಯಾರನ್ನಾದರೂ ಕೇಳಿ, ಅಲ್ಲಿನ ಊಟದ ಬಿಲ್ಲಿನ ಕಥೆ ಹೇಳುತ್ತಾರೆ.

ಟರ್ಕಿಯ ಉದಾಹರಣೆ ಇನ್ನೂ ಸ್ಪಷ್ಟ. 2005ರ ಆರಂಭದಲ್ಲಿ ಆ ದೇಶ ತನ್ನ ನೋಟಿನಿಂದ ಆರು ಸೊನ್ನೆ ಅಳಿಸಿತು. ಹತ್ತು ಲಕ್ಷ ಹಳೆಯ ಲಿರಾ ಒಂದು ಹೊಸ ಲಿರಾ ಆಯಿತು. ಸಂಬಳ, ಸಾಲ, ಬ್ರೆಡ್ಡಿನ ಬೆಲೆ ಎಲ್ಲದರಿಂದಲೂ ಆರು ಸೊನ್ನೆ ಹೋಯಿತು. ರಾತ್ರಿ ಬೆಳಗಾಗುವುದರಲ್ಲಿ ಯಾರೂ ಶ್ರೀಮಂತರಾಗಲಿಲ್ಲ, ಬಡವರೂ ಆಗಲಿಲ್ಲ. ಮೀಟರಿನಲ್ಲಿ ಅಳೆದರೂ ಅಡಿಯಲ್ಲಿ ಅಳೆದರೂ ಮನೆಯ ಜಾಗ ಅಷ್ಟೇ ಇರುತ್ತದಲ್ಲ, ಹಾಗೆ.

ಪಿಪಿಪಿ ಎಂದರೇನು?

ದೇಶದ ಬೆಲೆಮಟ್ಟವನ್ನು ಅಳೆಯುವುದು ಹೇಗೆ? ಅದಕ್ಕೆಂದೇ ಇರುವ ವಿಧಾನ ಕೊಳ್ಳುವ ಶಕ್ತಿಯ ಸಮಾನತೆ. ಫಾರ್ವರ್ಡ್‌ಗಳಲ್ಲಿ ಬರುವ 'ಪಿಪಿಪಿ' ಇದೇ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕಾಸೆಲ್ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಈ ಹೆಸರನ್ನು ಬಳಕೆಗೆ ತಂದರು.

ತತ್ತ್ವ ಸರಳ. ಎರಡು ದೇಶಗಳಲ್ಲಿ ಒಂದೇ ಬಗೆಯ ಸಾಮಾನಿನ ಚೀಲ ತುಂಬಿಸಿ: ಅಕ್ಕಿ, ಬೇಳೆ, ಬಸ್ ಟಿಕೆಟ್, ಕ್ಷೌರ, ಮನೆ ಬಾಡಿಗೆ, ವೈದ್ಯರ ಶುಲ್ಕ ಹೀಗೆ. ಲೆಕ್ಕಕ್ಕೆಂದು ಊಹಿಸಿಕೊಳ್ಳಿ, ಆ ಚೀಲಕ್ಕೆ ಅಮೆರಿಕದಲ್ಲಿ 100 ಡಾಲರ್ ಆಯಿತು, ನೇಪಾಳದಲ್ಲಿ 3,500 ನೇಪಾಳಿ ರೂಪಾಯಿ ಆಯಿತು. ಆಗ ಪಿಪಿಪಿ ದರ ಒಂದು ಡಾಲರ್‌ಗೆ 35 ನೇಪಾಳಿ ರೂಪಾಯಿ. ಬ್ಯಾಂಕಿನಲ್ಲಿ ಮಾತ್ರ ಡಾಲರ್‌ಗೆ 136 ಕೊಡುತ್ತಾರೆ. 35ನ್ನು 136ರಿಂದ ಭಾಗಿಸಿದರೆ ಸುಮಾರು 0.26. ಅಮೆರಿಕದಲ್ಲಿ 100 ರೂಪಾಯಿಯ ಬೆಲೆ ಬೀಳುವ ಸಾಮಾನು ನೇಪಾಳದಲ್ಲಿ ಸರಾಸರಿ 26 ರೂಪಾಯಿಗೆ ಸಿಗುತ್ತದೆ ಎಂದು ಇದರ ಅರ್ಥ. ಇದನ್ನೇ ಬೆಲೆಮಟ್ಟದ ಸೂಚ್ಯಂಕ ಎನ್ನುತ್ತಾರೆ.

ಇದನ್ನು ನಿಜವಾಗಿ ಲೆಕ್ಕ ಹಾಕುವುದು ವಿಶ್ವಬ್ಯಾಂಕ್ ನೇತೃತ್ವದ ಅಂತಾರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ. 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿ ಇದನ್ನು ಶುರು ಮಾಡಿದವು. ಏಷ್ಯಾ ಮತ್ತು ಪೆಸಿಫಿಕ್ ಭಾಗದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಇದರ ಹೊಣೆ ನೋಡಿಕೊಳ್ಳುತ್ತದೆ. ಅಂಗಡಿ ಮಾರುಕಟ್ಟೆಗಳಿಂದ ಬೆಲೆ ಬರೆದುಕೊಂಡು ಬರುವವರು ಆಯಾ ದೇಶದ ಅಂಕಿಅಂಶ ಇಲಾಖೆಯವರೇ. 2021ರ ಬೆಲೆಗಳ ಸುತ್ತಿನ ಫಲಿತಾಂಶ 2024ರಲ್ಲಿ ಹೊರಬಂತು, ಅದರಲ್ಲಿ 176 ದೇಶ ಮತ್ತು ಪ್ರದೇಶಗಳಿದ್ದವು.

ಈ ಲೆಕ್ಕದಲ್ಲಿ ನೇಪಾಳದ ತಲಾ ಆದಾಯ ಮಾರುಕಟ್ಟೆ ದರದ ಡಾಲರ್ ಲೆಕ್ಕಕ್ಕಿಂತ ಮೂರರಿಂದ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. ಭಾರತದ್ದೂ ಹೆಚ್ಚು ಕಡಿಮೆ ಹಾಗೆಯೇ. ಅಂದರೆ ಅಮೆರಿಕದವರಿಗೆ ನೇಪಾಳ ಅಗ್ಗ, ನಿಜ. ಆದರೆ ಅಮೆರಿಕದವರಿಗೆ ಭಾರತವೂ ಅಷ್ಟೇ ಅಗ್ಗ. ನಮ್ಮ ಬೆಲೆಮಟ್ಟಕ್ಕೂ ನೇಪಾಳದ ಬೆಲೆಮಟ್ಟಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ.

ಕ್ಷೌರ ಅಗ್ಗ, ಬೈಕ್ ದುಬಾರಿ: ಏಕೆ?

ಬಡ ದೇಶಗಳಲ್ಲಿ ಬೆಲೆ ಕಡಿಮೆ ಎಂದರೆ ಎಲ್ಲದರ ಬೆಲೆಯೂ ಕಡಿಮೆ ಎಂದಲ್ಲ. ಹಡಗು, ಲಾರಿ ಹತ್ತಿ ದೇಶದಿಂದ ದೇಶಕ್ಕೆ ಹೋಗಬಲ್ಲ ವಸ್ತುಗಳಿಗೆ ಜಗತ್ತಿನ ಬೆಲೆಯೇ ಬೆಲೆ. ಕಚ್ಚಾ ತೈಲ, ಮೊಬೈಲ್, ಔಷಧದ ಕಚ್ಚಾ ಪದಾರ್ಥ, ವಿಮಾನ ಇಂಥವು. ಮಾರುವವನು ಕೊಳ್ಳುವವನ ಬಡತನ ನೋಡಿ ಬೆಲೆ ಇಳಿಸುವುದಿಲ್ಲ.

ಕ್ಷೌರವನ್ನು ಹಡಗಿನಲ್ಲಿ ಕಳಿಸಲಾಗದು. ಕಠ್ಮಂಡುವಿನ ಕ್ಷೌರಿಕರೂ ನ್ಯೂಯಾರ್ಕಿನ ಕ್ಷೌರಿಕರೂ ಒಂದು ತಲೆಗೆ ತೆಗೆದುಕೊಳ್ಳುವ ಸಮಯ ಹೆಚ್ಚುಕಡಿಮೆ ಒಂದೇ. ಆದರೆ ಸುತ್ತಲಿನ ಕೂಲಿ ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ಅವರ ದರ. ಶ್ರೀಮಂತ ದೇಶದಲ್ಲಿ ಕಾರ್ಖಾನೆ, ಕಚೇರಿಗಳ ಉತ್ಪಾದಕತೆ ಹೆಚ್ಚಿರುವುದರಿಂದ ಅಲ್ಲಿ ಕೂಲಿ ಹೆಚ್ಚು. ಆ ಕೂಲಿ ಕ್ಷೌರದಂಗಡಿ, ಹೋಟೆಲು, ಬಸ್ಸುಗಳ ದರವನ್ನೂ ಮೇಲೆಳೆಯುತ್ತದೆ. 1964ರಲ್ಲಿ ಬೆಲಾ ಬಲಾಸಾ ಮತ್ತು ಪಾಲ್ ಸ್ಯಾಮುವೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ವಿವರಿಸಿದ ಕಾರಣ ಇದೇ.

ಆದ್ದರಿಂದ ಪಿಪಿಪಿಯಲ್ಲಿ ಕಾಣುವ 'ಅಗ್ಗ' ಎಂಬುದರ ದೊಡ್ಡ ಪಾಲು ಯಾರದೋ ಕಡಿಮೆ ಸಂಬಳ. ನೇಪಾಳದಲ್ಲಿ ಕೂಲಿಯಾಳು ಅಗ್ಗವಾಗಿ ಸಿಗುತ್ತಾರೆ ಎಂದರೆ ಆ ಕೂಲಿಯಾಳಿನ ಕೈಗೆ ಕಡಿಮೆ ಹಣ ಸೇರುತ್ತಿದೆ ಎಂದೇ ಅರ್ಥ.

ತೆರಿಗೆಯೂ ಬೆಲೆಯನ್ನು ಅತ್ತಿತ್ತ ಎಳೆಯುತ್ತದೆ. ಭಾರತದಲ್ಲೇ ತಯಾರಾದ ಕಾರು, ಬೈಕು ನೇಪಾಳದಲ್ಲಿ 1.6ರಿಂದ ಗುಣಿಸಿದ ಬೆಲೆಗಿಂತ ಎಷ್ಟೋ ದುಬಾರಿ, ಏಕೆಂದರೆ ಅಲ್ಲಿ ವಾಹನಗಳ ಮೇಲಿನ ಸುಂಕ ತೀರಾ ಹೆಚ್ಚು. ಪೆಟ್ರೋಲಿನದು ತಿರುಗುಮುರುಗು ಕಥೆ. ನೇಪಾಳಕ್ಕೆ ತೈಲ ಪೂರೈಸುವುದು ನಮ್ಮ ಇಂಡಿಯನ್ ಆಯಿಲ್. 2019ರಿಂದ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮಲೇಖಗಂಜ್‌ಗೆ ಪೈಪ್‌ಲೈನ್ ಕೂಡ ಇದೆ. ಹಾಗಿದ್ದರೂ 2021ರಲ್ಲಿ ಭಾರತದಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಬಿಹಾರದ ಗಡಿಯ ಜನ ನೇಪಾಳಕ್ಕೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತಿದ್ದರು. ತೈಲ ಒಂದೇ, ತೆರಿಗೆ ಬೇರೆ.

'ಡಾಲರಿನ ನಿಜವಾದ ಬೆಲೆ 20 ರೂಪಾಯಿ' ಎಂಬುದು ನಿಜವೇ?

20 ಎಂಬ ಅಂಕಿ ಕಟ್ಟುಕಥೆಯಲ್ಲ. 2017ರ ಸುತ್ತಿನಲ್ಲಿ ಭಾರತದ ಪಿಪಿಪಿ ದರ ಡಾಲರ್‌ಗೆ 20.65 ರೂಪಾಯಿ ಎಂದು ಬಂದಿತ್ತು. ಅದೇ ವರ್ಷ ಮಾರುಕಟ್ಟೆ ದರ 65.12 ರೂಪಾಯಿ. ಇಲ್ಲಿನ ಬೆಲೆಗಳು ಅಮೆರಿಕದ ಬೆಲೆಗಳ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಎಂದು ಅದು ಹೇಳುತ್ತದೆ, ಅಷ್ಟೇ. 20.65 ರೂಪಾಯಿಗೆ ಯಾರೂ ನಿಮಗೆ ಡಾಲರ್ ಕೊಡುವುದಿಲ್ಲ. ಅದು ಕೊಡುಕೊಳ್ಳುವ ದರವಲ್ಲ, ಹೋಲಿಸಿ ನೋಡುವ ಅಳತೆಗೋಲು.

ಈ ವ್ಯತ್ಯಾಸ ಸಣ್ಣ ದೇಶಕ್ಕೆ ಎಷ್ಟು ಮುಖ್ಯ ಎಂಬುದಕ್ಕೆ ನೇಪಾಳವೇ ಸಾಕ್ಷಿ. ಅದಕ್ಕೆ ಸಮುದ್ರವಿಲ್ಲ, ತೈಲವಿಲ್ಲ. ರಫ್ತಿಗಿಂತ ಆಮದು ಅನೇಕ ಪಟ್ಟು ಹೆಚ್ಚು. ಆಮದಿನ ಬಿಲ್ಲು, ವಿದೇಶಿ ಸಾಲದ ಕಂತು ಎರಡನ್ನೂ ಮಾರುಕಟ್ಟೆ ದರದಲ್ಲೇ ಕಟ್ಟಬೇಕು. 2022ರಲ್ಲಿ ವಿದೇಶಿ ವಿನಿಮಯದ ಸಂಗ್ರಹ ಕರಗತೊಡಗಿದಾಗ ನೇಪಾಳ ಸರ್ಕಾರ ಏಪ್ರಿಲ್‌ನಲ್ಲಿ ಕಾರು, ಮದ್ಯ, ದುಬಾರಿ ಮೊಬೈಲ್ ಮುಂತಾದವುಗಳ ಆಮದನ್ನೇ ನಿಲ್ಲಿಸಿತು. ನಿಷೇಧ ಪೂರ್ತಿ ತೆರವಾದದ್ದು ಡಿಸೆಂಬರ್‌ನಲ್ಲಿ. ಪಿಪಿಪಿ ಲೆಕ್ಕದಲ್ಲಿ ಆದಾಯ ಮೂರು ನಾಲ್ಕು ಪಟ್ಟು ಹೆಚ್ಚು ಕಂಡರೂ ಆ ಹೊತ್ತಿನಲ್ಲಿ ಅದು ಒಂದು ಡಾಲರನ್ನೂ ತಂದುಕೊಡಲಿಲ್ಲ.

ಹಾಗಾದರೆ ಪಿಪಿಪಿ ಸುಳ್ಳೇ? ಅಲ್ಲ. ಊರಿನ ಸಂಬಳದಲ್ಲಿ ಊರಿನ ಅಕ್ಕಿ, ಬಾಡಿಗೆ, ಬಸ್ಸು ಎಷ್ಟು ದಕ್ಕುತ್ತದೆ ಎಂಬ ಪ್ರಶ್ನೆಗೆ ಪಿಪಿಪಿಯೇ ಸರಿಯಾದ ಉತ್ತರ. ಹೊರಗಿನಿಂದ ಏನು ಕೊಳ್ಳಬಲ್ಲೆವು ಎಂಬ ಪ್ರಶ್ನೆಗೆ ಮಾರುಕಟ್ಟೆ ದರ. ವಿಶ್ವಬ್ಯಾಂಕ್ ಕೂಡ ಬಡತನ ಅಳೆಯಲು ಪಿಪಿಪಿ ಬಳಸುತ್ತದೆ, ಆದರೆ ದೇಶಗಳನ್ನು ಕಡಿಮೆ ಆದಾಯ, ಮಧ್ಯಮ ಆದಾಯ ಎಂದು ವಿಂಗಡಿಸಲು ಮಾರುಕಟ್ಟೆ ದರ ಆಧರಿಸಿದ ಡಾಲರ್ ಲೆಕ್ಕ ಬಳಸುತ್ತದೆ. 2020ರಲ್ಲಿ ನೇಪಾಳ ಕೆಳಮಧ್ಯಮ ಆದಾಯದ ದೇಶ ಎನಿಸಿಕೊಂಡದ್ದು ಈ ಎರಡನೇ ಲೆಕ್ಕದಲ್ಲಿ.

'ದಿನಕ್ಕೆ 3 ಡಾಲರ್' ಎಂದರೆ 250 ರೂಪಾಯಿ ಅಲ್ಲ

ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ಗೆರೆಯನ್ನು ಒಬ್ಬರಿಗೆ ದಿನಕ್ಕೆ 3 ಡಾಲರ್ ಎಂದು ಬದಲಿಸಿತು. ಅದಕ್ಕೂ ಮೊದಲು ಅದು 2.15 ಡಾಲರ್ ಇತ್ತು. ಇದನ್ನು ನೋಡಿದವರು 3ನ್ನು 85ರಿಂದ ಗುಣಿಸಿ, "255 ರೂಪಾಯಿ ದುಡಿದರೂ ಕಡುಬಡವನಂತೆ!" ಎಂದು ಸಂದೇಶ ಕಳಿಸುತ್ತಾರೆ. ಆದರೆ ಆ ಡಾಲರ್ ಬ್ಯಾಂಕಿನ ಡಾಲರ್ ಅಲ್ಲ, 2021ರ ಬೆಲೆಗಳ ಪಿಪಿಪಿ ಡಾಲರ್. ಭಾರತಕ್ಕೆ ಅದು ಆಗಿನ ಬೆಲೆಯಲ್ಲಿ ದಿನಕ್ಕೆ ಸುಮಾರು 60 ರೂಪಾಯಿ. ಐದು ಜನರ ಸಂಸಾರಕ್ಕೆ ತಿಂಗಳಿಗೆ ಸುಮಾರು 9,000 ರೂಪಾಯಿ.

ಇದು ತೀರಾ ಕೆಳಗಿನ ಗೆರೆ ಎಂಬುದು ಈಗ ಗೊತ್ತಾಗುತ್ತದೆ. ಅದನ್ನು ದಾಟಿದವರೆಲ್ಲ ನೆಮ್ಮದಿಯಾಗಿದ್ದಾರೆ ಎಂದು ಹೇಳಲು ಬರುವುದಿಲ್ಲ. 255 ಎಂದು ತಿಳಿದವರಿಗೆ ಗೆರೆ ವಿಪರೀತ ಮೇಲಿದೆ ಅನ್ನಿಸುತ್ತದೆ. 60 ಎಂದು ತಿಳಿದರೆ ಅದೇ ಅಂಕಿಯ ಅರ್ಥವೇ ಬದಲಾಗುತ್ತದೆ.

ಪಿಪಿಪಿಗೂ ಮಿತಿಗಳಿವೆ

ಒಂದು, ಇದು ಇಡೀ ದೇಶಕ್ಕೆ ಒಂದೇ ಸರಾಸರಿ. ನೇಪಾಳದ ತರಾಯಿ ಬಯಲಿನ ಬೆಲೆಗೂ ಹಿಮಾಲಯದ ಹಳ್ಳಿಯ ಬೆಲೆಗೂ ಹೋಲಿಕೆಯಿಲ್ಲ. ರಸ್ತೆಯಿಲ್ಲದ ಕಡೆ ನೂಡಲ್ಸ್ ಪೊಟ್ಟಣವೂ ಗ್ಯಾಸ್ ಸಿಲಿಂಡರೂ ಹೇಸರಗತ್ತೆಯ ಇಲ್ಲವೇ ಮನುಷ್ಯರ ಬೆನ್ನ ಮೇಲೆ ಹೋಗಬೇಕು. ಎವರೆಸ್ಟ್ ಚಾರಣದ ದಾರಿಯಲ್ಲಿ ಎತ್ತರ ಏರಿದಂತೆ ನೀರಿನ ಬಾಟಲಿಯ ಬೆಲೆಯೂ ಏರುತ್ತದೆ.

ಎರಡು, ಎರಡು ದೇಶದವರ ಚೀಲ ಒಂದೇ ಅಲ್ಲ. ದಾಲ್ ಭಾತ್ ಉಣ್ಣುವವರ ಖರ್ಚನ್ನು ಬ್ರೆಡ್ಡು, ಮಾಂಸ ತಿನ್ನುವವರ ಖರ್ಚಿನೊಂದಿಗೆ ಹೋಲಿಸಲು ಒಂದಿಷ್ಟು ಹೊಂದಾಣಿಕೆ ಬೇಕು. ಶಾಲೆ, ಆಸ್ಪತ್ರೆಯ ಗುಣಮಟ್ಟ ಹೋಲಿಸುವುದಂತೂ ಇನ್ನೂ ಕಷ್ಟ.

ಮೂರು, ಇದು ಅಂದಾಜು. 2005ರ ಸುತ್ತಿನ ಫಲಿತಾಂಶ 2007ರ ಕೊನೆಗೆ ಬಂದಾಗ ಭಾರತ ಮತ್ತು ಚೀನಾದ ಪಿಪಿಪಿ ಆರ್ಥಿಕತೆಯ ಗಾತ್ರ ಹಿಂದಿನ ಅಂದಾಜಿಗಿಂತ ಸುಮಾರು 40 ಶೇಕಡಾ ಕುಗ್ಗಿತು. ಆ ದಿನ ಯಾರ ಮನೆಯ ಅಕ್ಕಿಯೂ ಕಡಿಮೆಯಾಗಲಿಲ್ಲ, ಬದಲಾದದ್ದು ಅಳತೆ.

ವಿದೇಶದ ಸಂಬಳವನ್ನು ಲೆಕ್ಕ ಹಾಕುವುದು ಹೇಗೆ?

ನೇಪಾಳದಿಂದ ಲಕ್ಷಾಂತರ ಜನ ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ, ಭಾರತದಲ್ಲಿ ದುಡಿಯುತ್ತಾರೆ. ಅವರು ಮನೆಗೆ ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಸಮ. ದುಡಿಮೆ ದುಬಾರಿ ಊರಿನಲ್ಲಿ, ಖರ್ಚು ಅಗ್ಗದ ಊರಿನಲ್ಲಿ ಎಂಬುದೇ ಈ ವಲಸೆಯ ಲೆಕ್ಕಾಚಾರ. ಕರಾವಳಿಯಿಂದ ಕೊಲ್ಲಿಗೆ ಹೋದವರ ಮನೆಗಳಲ್ಲಿ ಈ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಹೊಸದಾಗಿ ಹೊರಡುವವರನ್ನು ಏಜೆಂಟರು ಇಡೀ ಸಂಬಳವನ್ನು ರೂಪಾಯಿಗೆ ಗುಣಿಸಿ ಆಸೆ ಹುಟ್ಟಿಸುತ್ತಾರೆ.

ಊಹೆಯ ಅಂಕಿ ಇಟ್ಟು ನೋಡೋಣ. ದುಬೈಯಲ್ಲಿ 2,000 ದಿರ್ಹಂ ಸಂಬಳ. ದಿರ್ಹಂಗೆ 23 ರೂಪಾಯಿಯಂತೆ 46,000 ರೂಪಾಯಿ. ಊರಿನಲ್ಲಿ ಸಿಗುವ ಕೆಲಸಕ್ಕೆ 25,000. ತಿಂಗಳಿಗೆ 21,000 ಲಾಭ ಎಂದು ಕಾಣುತ್ತದೆ. ಈಗ ಖರ್ಚು ಸೇರಿಸಿ. ಅಲ್ಲಿ ಹಾಸಿಗೆ ಬಾಡಿಗೆ, ಊಟ, ಫೋನಿಗೆ 1,200 ದಿರ್ಹಂ ಹೋದರೆ ಉಳಿಯುವುದು 800 ದಿರ್ಹಂ, ಅಂದರೆ 18,400 ರೂಪಾಯಿ. ಊರಿನಲ್ಲಿ 10,000 ಖರ್ಚಾದರೆ ಉಳಿಯುವುದು 15,000. ಅಂತರ 3,400 ರೂಪಾಯಿ ಮಾತ್ರ. ಸಾಲ ಮಾಡಿ ಏಜೆಂಟರಿಗೆ ಹಣ ಕಟ್ಟಿದ್ದರೆ ಅದರ ಬಡ್ಡಿಗೇ ಇದು ಸಾಲದು. ವಸತಿ, ಊಟ ಕಂಪನಿಯದೇ ಆದರೆ ಲೆಕ್ಕ ಪೂರಾ ತಿರುಗಿ ಹೋಗುತ್ತದೆ, ಆಗ ಹೋಗುವುದು ನಿಜಕ್ಕೂ ಲಾಭ.

ಸೂತ್ರ ಇಷ್ಟೇ: ಅಲ್ಲಿ ಖರ್ಚಾಗುವ ಪಾಲನ್ನು ಅಲ್ಲಿನ ಬೆಲೆಯಲ್ಲಿ ಅಳೆಯಿರಿ. ಊರಿಗೆ ಕಳಿಸುವ ಪಾಲನ್ನು ಮಾತ್ರ ರೂಪಾಯಿಗೆ ಗುಣಿಸಿ.

ನೇಪಾಳಕ್ಕೆ ಹೊರಟಿದ್ದೀರಾ?

ಪಶುಪತಿನಾಥಕ್ಕೆ, ಮುಕ್ತಿನಾಥಕ್ಕೆ ಕರ್ನಾಟಕದಿಂದ ಹೋಗುವ ಯಾತ್ರಿಕರು ಬಹಳ. ಪಶುಪತಿನಾಥದ ಭಟ್ಟರಲ್ಲಿ ಕರ್ನಾಟಕ ಮೂಲದವರೂ ಇದ್ದಾರೆ. ಅಲ್ಲಿ ಭಾರತದ ರೂಪಾಯಿಯನ್ನು 'ಭಾರು' ಅಥವಾ 'ಐಸಿ' ಎಂದೂ, ನೇಪಾಳದ್ದನ್ನು 'ನೇರು' ಅಥವಾ 'ಎನ್‌ಸಿ' ಎಂದೂ ಕರೆಯುವ ರೂಢಿ. ಯಾವುದೇ ಬೆಲೆ ಕೇಳಿದಾಗ "ಐಸಿಯೋ, ಎನ್‌ಸಿಯೋ?" ಎಂದು ಮೊದಲೇ ಖಚಿತ ಮಾಡಿಕೊಳ್ಳಿ. 500 ಎಂದು ಹೇಳಿದ್ದು ಎನ್‌ಸಿಯಾದರೆ ನಮ್ಮ ಲೆಕ್ಕಕ್ಕೆ 312 ರೂಪಾಯಿ ಐವತ್ತು ಪೈಸೆ. ಗೊತ್ತಿಲ್ಲದೆ ಭಾರತದ 500ರ ಲೆಕ್ಕದಲ್ಲಿ ಕೊಟ್ಟರೆ 187 ರೂಪಾಯಿಗೂ ಹೆಚ್ಚು ನಷ್ಟ. ಬಜೆಟ್ ಹಾಕುವಾಗ ಭಾರತದ ಗಿರಿಧಾಮಕ್ಕೆ ಹೋದರೆ ಎಷ್ಟಾಗುತ್ತದೋ ಅಷ್ಟನ್ನೇ ಇಟ್ಟುಕೊಳ್ಳಿ, 1.6ರಿಂದ ಭಾಗಿಸಿ ಕಡಿಮೆ ಮಾಡಬೇಡಿ.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ

1. ಸಂದೇಶ ಬರೀ ವಿನಿಮಯ ದರ ಹೇಳಿ "ಅಗ್ಗ" ಎನ್ನುತ್ತಿದೆಯೇ? ಹಾಗಿದ್ದರೆ ಅಲ್ಲಿನ ಊಟ, ಬಾಡಿಗೆ, ಬಸ್ಸಿನ ಬೆಲೆ ಎಷ್ಟು ಎಂದು ಕೇಳಿ.

2. ಅಂಕಿ ಮಾರುಕಟ್ಟೆ ಡಾಲರಿನದೋ, ಪಿಪಿಪಿ ಡಾಲರಿನದೋ? ಎರಡನ್ನೂ ಬೆರೆಸಿದ ಹೋಲಿಕೆಗೆ ಅರ್ಥವಿಲ್ಲ. ಭಾರತ ಪಿಪಿಪಿಯಲ್ಲಿ ಜಗತ್ತಿನ ಮೂರನೇ ದೊಡ್ಡ ಆರ್ಥಿಕತೆ ಎಂಬುದು ನಿಜ, ಆದರೆ ಅದು ಮಾರುಕಟ್ಟೆ ದರದ ಪಟ್ಟಿಯ ಸ್ಥಾನವಲ್ಲ.

3. ಇಡೀ ದೇಶದ ಗಾತ್ರವೋ, ತಲಾ ಲೆಕ್ಕವೋ? ಜನ ಹೆಚ್ಚಿದ್ದರೆ ಒಟ್ಟು ಮೊತ್ತ ದೊಡ್ಡದಾಗುತ್ತದೆ, ಅದರಿಂದ ತಟ್ಟೆಯ ಅನ್ನ ಹೆಚ್ಚಾಗುವುದಿಲ್ಲ.

ನಮ್ಮ ತೀರ್ಪು: "ನೇಪಾಳದಲ್ಲಿ 100 ರೂಪಾಯಿಗೆ 160 ಸಿಗುತ್ತದೆ" ಎಂಬುದು ನಿಜ. "ಆದ್ದರಿಂದ ಅಲ್ಲಿ ಎಲ್ಲವೂ ಅಗ್ಗ" ಎಂಬುದು ತಪ್ಪು. "ಪಿಪಿಪಿಯಲ್ಲಿ ಡಾಲರ್‌ಗೆ ಸುಮಾರು 20 ರೂಪಾಯಿ" ಎಂಬುದು ನಿಜ. "ಆದ್ದರಿಂದ ಡಾಲರಿನ ನಿಜವಾದ ಬೆಲೆ ಅಷ್ಟೇ" ಎಂಬುದು ದಾರಿ ತಪ್ಪಿಸುವ ಮಾತು.